ಒಂದೇ ಗದ್ದೆ, ಎರಡು ಪಾಠ: ತುಂಗಭದ್ರಾ ಎಡದಂಡೆಯ ಒಂದು ಹಂಗಾಮಿನ ಪ್ರಕರಣ ಅಧ್ಯಯನ

ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯೊಂದರ ಕೊನೆಯಲ್ಲಿರುವ ಹಳ್ಳಿಯಲ್ಲಿ ಒಂದು ಮುಂಗಾರು ಹಂಗಾಮಿನ ಉದ್ದಕ್ಕೂ ಭತ್ತದ ಗದ್ದೆಯನ್ನೇ ತರಗತಿ ಮಾಡಿಕೊಂಡು, ಗುರುವಾರ ಬೆಳಿಗ್ಗೆ ರೈತರಿಗೂ ಶನಿವಾರ ಶಾಲೆ ಬಿಟ್ಟ ಮೇಲೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆರು ಮತ್ತು ಏಳನೇ ತರಗತಿಯ ಮಕ್ಕಳಿಗೂ ಪಾಠ ನಡೆಸಿದ ಅನುಭವದ ದಾಖಲೆ ಇದು. ಆ ಹಂಗಾಮಿಗೆ ಪಾಠ ನಡೆಸಿಕೊಡುವ ಅನುವುಗಾರ ನಾನಾಗಿದ್ದೆ. ಊರಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ ಆದರೂ ಅವುಗಳ ಮುಜುಗರವನ್ನು ಉಂಡವರು ಬೇರೆಯವರು.

ಊರು ಮತ್ತು ಹುಳು

1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಎಡದಂಡೆಯ ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನೇ ಎಣಿಸಿ ನೀರು ಹಂಚಲಾಗಿತ್ತು. ಆದರೆ ನೀರು ಕೈಗೆ ಬಂದಲ್ಲೆಲ್ಲ ಭತ್ತ ಬಂತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ಭೂಮಿ ಕೊಂಡು ನೆಲೆಸಿದವರ ಕ್ಯಾಂಪುಗಳು ಅದಕ್ಕೆ ವೇಗ ಕೊಟ್ಟವು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ಕಟ್ಟಿಕೊಂಡಷ್ಟೂ ಕೊನೆಯವರಿಗೆ ಸರದಿಯೂ ತಡ, ನೀರೂ ಕಡಿಮೆ. ನಮ್ಮ ಪಾಠದ ಗದ್ದೆ ಇದ್ದದ್ದು ಅಂಥ ಕೊನೆಯಲ್ಲಿ. ಇದನ್ನು ಮೊದಲೇ ಹೇಳಲು ಕಾರಣವಿದೆ: ಆರನೇ ವಾರದವರೆಗೆ ನನ್ನ ಪಾಠಗಳಲ್ಲಿ ಈ ಸಂಗತಿಗೆ ಜಾಗವೇ ಇರಲಿಲ್ಲ.

ಪಾಠದ ಕೇಂದ್ರದಲ್ಲಿದ್ದದ್ದು ಒಂದು ಹುಳು. ಇಲಾಖೆಯ ಭಾಷೆಯಲ್ಲಿ ಅದು ಕಂದು ಜಿಗಿಹುಳು. ಕ್ಯಾಂಪಿನ ತೆಲುಗಿನಿಂದ ಬಂದು ಊರವರ ಬಾಯಲ್ಲಿ ನಿಂತ ಹೆಸರು ದೋಮ. ಭತ್ತದ ಬುಡದಲ್ಲಿ, ನಿಂತ ನೀರಿಗಿಂತ ಸ್ವಲ್ಪವೇ ಮೇಲೆ ಕುಳಿತು ಅದು ರಸ ಹೀರುತ್ತದೆ. ಬದುವಿನ ಮೇಲೆ ನಿಂತು ನೋಡುವವರಿಗೆ ಬರೀ ಹಸಿರು ಕಾಣುತ್ತದೆ. ಗದ್ದೆಯ ನಡುವೆ ಬೆಂಕಿ ತಗುಲಿದಂತೆ ದುಂಡಗೆ ಪೈರು ಒಣಗಿದಾಗಲೇ ವಿಷಯ ತಿಳಿಯುವುದು, ಅಷ್ಟರಲ್ಲಿ ಕೈ ಮೀರಿರುತ್ತದೆ. ಮೊಟ್ಟೆಗಳನ್ನು ಅದು ದಂಟನ್ನು ಸುತ್ತಿಕೊಂಡಿರುವ ಎಲೆಯ ಒರೆಯೊಳಗೆ ಚುಚ್ಚಿ ಇಡುವುದರಿಂದ ಮೇಲಿನಿಂದ ಹೊಡೆದ ಔಷಧಿ ಅವುಗಳಿಗೆ ತಾಗುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಮರಿಗಳು ಹೊರಬರುವ ಹೊತ್ತಿಗೆ ಅವುಗಳನ್ನು ತಿನ್ನಬೇಕಿದ್ದ ಜೇಡಗಳೂ ಮಿರಿಡ್ ತಿಗಣೆಗಳೂ ಸತ್ತಿರುತ್ತವೆ. ಕೆಲವು ಔಷಧಿಗಳು, ಅದರಲ್ಲೂ ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನವು, ಹೊಡೆದ ಮೇಲೆ ಹುಳುವನ್ನು ಮೊದಲಿಗಿಂತ ಹೆಚ್ಚು ಮಾಡುವುದು ಹೀಗೆ. ಯೂರಿಯಾ ಹೆಚ್ಚಾಗಿ ಪೈರು ಮೆತ್ತಗೆ, ದಟ್ಟವಾಗಿ ಬೆಳೆದರಂತೂ ಹುಳುವಿಗೆ ಹಬ್ಬ.

ನಾವು ಅನುಸರಿಸಿದ, ರೈತ ಕ್ಷೇತ್ರ ಪಾಠಶಾಲೆ ಎಂಬ ಬೋಧನಾ ಕ್ರಮ ಹುಟ್ಟಿದ್ದೂ ಇದೇ ಹುಳುವಿನ ಕಾಟದಿಂದ. ಇಂಡೊನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು, ಕೀಟನಾಶಕಗಳ ಸಬ್ಸಿಡಿಯನ್ನು ಹಂತಹಂತವಾಗಿ ತೆಗೆಯಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಜಾವಾದಲ್ಲಿ ಮೊದಲ ಪಾಠಶಾಲೆಗಳು ನಡೆದವು. ಇಪ್ಪತ್ತೈದರಷ್ಟು ರೈತರು ನಾಟಿಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಗದ್ದೆಗಿಳಿದು, ಕೆಲವು ಬುಡಗಳನ್ನು ಆರಿಸಿ, ಹುಳು ಎಣಿಸಿ, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಚಿತ್ರವಾಗಿ ಬರೆದು, ವಾದ ಮಾಡಿ, ಆ ವಾರ ಏನು ಮಾಡಬೇಕೆಂದು ತಾವೇ ತೀರ್ಮಾನಿಸುವುದು ಇದರ ತಿರುಳು. ಅನುವುಗಾರನಿಗೆ ಕಲಿಸುವ ಮೊದಲ ನಿಯಮ ಒಂದೇ: ‘ಇದು ಯಾವ ಹುಳು?’ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಬಾರದು, ‘ಎಲ್ಲಿ ಸಿಕ್ಕಿತು? ಏನು ಮಾಡುತ್ತಿತ್ತು? ಇದರ ಜೊತೆ ಬೇರೆ ಏನಿತ್ತು?’ ಎಂದು ತಿರುಗಿ ಕೇಳಬೇಕು.

ನಿಯಮ ಮುರಿದುಬಿದ್ದ ಗುರುವಾರ

ಎರಡನೇ ಗುರುವಾರ ಹಿರಿಯರೊಬ್ಬರು ಅಂಗೈಯಲ್ಲಿ ಒಂದು ಹುಳು ಹಿಡಿದು ತಂದರು. ನಾನು ನಿಯಮದಂತೆ ಪ್ರಶ್ನೆಗೆ ಪ್ರಶ್ನೆ ಹಾಕಿದೆ. ಅವರು ಎರಡು ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದರು. ಮೂರನೆಯದಕ್ಕೆ ಹುಳುವನ್ನು ಕೆಸರಿಗೆ ಬಿಟ್ಟು, ‘ನೀವು ಕಲಿಸಾಕ ಬಂದೀರೋ, ಕಲ್ಯಾಕ ಬಂದೀರೋ?’ ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ನಗುವ ಮಾತಾಗಿ ಕೇಳಲಿಲ್ಲ. ಕಳೆದ ವರ್ಷ ಅವರ ಎರಡು ಎಕರೆ ದೋಮಕ್ಕೆ ಸುಟ್ಟುಹೋಗಿತ್ತೆಂಬುದು ಆಮೇಲೆ ತಿಳಿಯಿತು. ಬೆಳೆ ಕಳೆದುಕೊಂಡವರ ಮುಂದೆ ಒಗಟು ಹಾಕಿ ಕೂತಂತಾಗಿತ್ತು ನನ್ನ ಪಾಠ.

ಅದೇ ಪ್ರಶ್ನೆಗಳನ್ನು ಶನಿವಾರ ಮಕ್ಕಳಿಗೆ ಕೇಳಿದಾಗ ಆದದ್ದು ಬೇರೆ. ‘ಎಲ್ಲಿ ಸಿಕ್ಕಿತು?’ ಎಂದರೆ ಸಾಕು, ಕೇಳಿ ಮುಗಿಸುವ ಮೊದಲೇ ಆ ಜಾಗಕ್ಕೆ ಓಡುತ್ತಿದ್ದರು. ಉತ್ತರ ಸಿಗದಿರುವುದು ಅವರಿಗೆ ಅವಮಾನವಾಗಿರಲಿಲ್ಲ, ಆಟ ಇನ್ನೂ ಮುಗಿದಿಲ್ಲವೆಂಬ ಸೂಚನೆಯಾಗಿತ್ತು. ಒಂದೇ ವಾರದಲ್ಲಿ ಒಂದೇ ವಿಧಾನ ಒಂದು ಕಡೆ ಬಿದ್ದು ಇನ್ನೊಂದು ಕಡೆ ಎದ್ದ ಮೇಲೆ ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ ತೀರ್ಮಾನ, ಆ ಹಂಗಾಮಿನ ಉಳಿದೆಲ್ಲ ಪಾಠಗಳನ್ನು ನಡೆಸಿದ ತೀರ್ಮಾನ, ಹೀಗಿತ್ತು: ದೊಡ್ಡವರಿಗೆ ಮಾಹಿತಿಯನ್ನು ಕೂಡಲೇ ಕೊಡಬೇಕು, ತೀರ್ಮಾನವನ್ನು ಮಾತ್ರ ಅವರಿಗೇ ಬಿಡಬೇಕು, ಮಕ್ಕಳಿಗೆ ಮಾಹಿತಿಯನ್ನು ತಡೆದು ಹಿಡಿಯಬೇಕು, ಹುಡುಕುವ ಹೊಣೆಯನ್ನು ಕೊಡಬೇಕು.

ಮುಂದಿನ ಗುರುವಾರದಿಂದ ಹುಳುವಿನ ಹೆಸರು, ಅದರ ಜೀವನಚಕ್ರ, ಮೊಟ್ಟೆ ಇಡುವ ಜಾಗ ಇವನ್ನೆಲ್ಲ ನೇರವಾಗಿ ಹೇಳತೊಡಗಿದೆ. ಎಲೆಯ ಒರೆಯನ್ನು ಬ್ಲೇಡಿನಿಂದ ಸೀಳಿ, ಒಳಗೆ ಸಾಲಾಗಿ ಕೂತ, ಬಾಳೆಕಾಯಿ ಗೊನೆಯಂತೆ ಕಾಣುವ ಮೊಟ್ಟೆಗಳನ್ನು ಭೂತಗನ್ನಡಿಯ ಕೆಳಗೆ ತೋರಿಸಿದಾಗ, ಹಿಂದಿನ ವಾರ ನಕ್ಕಿದ್ದ ಗುಂಪು ಒಂದೂ ಮಾತಾಡದೆ ಸರದಿಯಲ್ಲಿ ನಿಂತು ನೋಡಿತು. ‘ಅಂದ್ರ ನಾವು ಹೊಡೆಯೋ ಎಣ್ಣಿ ಇದಕ್ಕ ಮುಟ್ಟಂಗೇ ಇಲ್ಲ’ ಎಂದು ಹೇಳಿದವರು ಅದೇ ಹಿರಿಯರು. ಈ ಸೀಮೆಯಲ್ಲಿ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ದಕ್ಷಿಣದವರು ಔಷಧಿ ಎನ್ನುತ್ತಾರೆ. ವಿಷವೆಂದು ಕರೆಯುವ ಊರನ್ನು ನಾನು ಕಂಡಿಲ್ಲ.

ಶಾಲೆಗೆ ಕಳಿಸಿದ್ದು ಏತಕ್ಕೆ

ಮಕ್ಕಳ ತರಗತಿಗೆ ಮೊದಲ ಆಕ್ಷೇಪ ಬಂದದ್ದು ಭೂಮಿಯಿಲ್ಲದ ಮನೆಗಳಿಂದ. ನಾಟಿಗೆ, ಕಳೆಗೆ ಕೂಲಿ ಹೋಗುವ ತಾಯಿಯೊಬ್ಬರು ಶಾಲೆಯ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, ‘ಗದ್ದಿ ಕೆಲಸ ಮಾಡೂದು ಬ್ಯಾಡ ಅಂತಾನ ಸಾಲಿಗೆ ಕಳಿಸೀವ್ರಿ ಸರ. ನೀವು ತಿರುಗಿ ಗದ್ದಿಗೇ ಕರ್ಕೊಂಡು ಹೊಂಟೀರಿ’ ಎಂದರು. ಕೃಷಿ ಆಧಾರಿತ ಶಿಕ್ಷಣದ ಬಗ್ಗೆ ಬರೆಯುವ ನಮ್ಮಲ್ಲಿ ಹೆಚ್ಚಿನವರು ಮಣ್ಣು ಮುಟ್ಟುವುದನ್ನೇ ಒಂದು ಪುಣ್ಯಕಾರ್ಯದಂತೆ ವರ್ಣಿಸುತ್ತೇವೆ. ನಗರದ ಮಗುವಿಗೆ ಕೆಸರು ಸಂಭ್ರಮವಾದೀತು. ತಲೆತಲಾಂತರದಿಂದ ಬೇರೆಯವರ ಕೆಸರಿನಲ್ಲಿ ನಿಂತ ಮನೆಯ ಮಗುವಿಗೆ ಅದೇ ಕೆಸರು ಬೇರೆ ಅರ್ಥ ಕೊಡುತ್ತದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಕಲಿಸುವ ನಯೀ ತಾಲೀಮ್ ಶಿಕ್ಷಣ ಪದ್ಧತಿಯನ್ನು ಮುಂದಿಟ್ಟಾಗಲೂ, ಕೈಕಸುಬಿನ ಗಳಿಕೆಯಿಂದ ಶಾಲೆ ತನ್ನ ಖರ್ಚನ್ನು ತೂಗಿಸಿಕೊಳ್ಳಬೇಕೆಂಬ ಅಂಶದ ಮೇಲೆ, ಇದು ಮಕ್ಕಳ ದುಡಿಮೆಯಾಗಿಬಿಟ್ಟೀತೆಂಬ ಟೀಕೆ ಎದ್ದಿತ್ತು. ಆ ತಾಯಿಯ ಮಾತು ಅದೇ ಟೀಕೆಯ ಈ ಊರಿನ ರೂಪ.

ಅದಕ್ಕೆ ನಾನು ವಾದ ಹೂಡಲಿಲ್ಲ, ಹೂಡಲು ನನ್ನಲ್ಲಿ ವಾದವೂ ಇರಲಿಲ್ಲ. ಶಿಕ್ಷಕರೊಂದಿಗೆ ಕೂತು ಮಕ್ಕಳ ತರಗತಿಯ ಕಟ್ಟಳೆಗಳನ್ನು ಬದಲಿಸಿದೆವು. ಮಕ್ಕಳು ನಾಟಿ ಮಾಡುವುದಿಲ್ಲ, ಕಳೆ ಕೀಳುವುದಿಲ್ಲ, ಗೊಬ್ಬರ ಎರಚುವುದಿಲ್ಲ. ಅವರ ಕೈಯಲ್ಲಿ ಇರಬೇಕಾದದ್ದು ಸ್ಕೇಲು, ಭೂತಗನ್ನಡಿ, ಗಾಜಿನ ಬಾಟಲಿ ಮತ್ತು ನೋಟ್‌ಬುಕ್. ಗದ್ದೆಯ ಮೂಲೆಯಲ್ಲಿ ಎರಡು ಗುಂಟೆಯನ್ನು ಬೇರೆ ಮಾಡಿ ಅವರ ಅಧ್ಯಯನಕ್ಕೆ ಬಿಟ್ಟೆವು. ಅದರ ಕೆಲಸವನ್ನೆಲ್ಲ ಗದ್ದೆಯ ಯಜಮಾನರು ಕೂಲಿ ಕೊಟ್ಟೇ ಮಾಡಿಸಿದರು. ಆ ತಾಯಿ ಮಗಳನ್ನು ಕಳಿಸಲು ಒಪ್ಪಿದರೂ, ನೋಟ್‌ಬುಕ್ಕನ್ನು ಪ್ರತಿ ವಾರ ತಾವೇ ಕೇಳಿ ಪಡೆದು ನೋಡುತ್ತಿದ್ದರೆಂದು ಹುಡುಗಿ ಹೇಳುತ್ತಿದ್ದಳು. ತಾಯಿಗೆ ಓದು ಬರುತ್ತಿರಲಿಲ್ಲ. ಚಿತ್ರಗಳಿವೆಯೇ, ಪುಟ ತುಂಬಿದೆಯೇ ಎಂದು ನೋಡುತ್ತಿದ್ದರಂತೆ.

ಐದನೇ ಶನಿವಾರ ಮಕ್ಕಳೊಂದಿಗೆ ಬದುವಿನವರೆಗೆ ಹೋಗಿ ಹಿಂದಿರುಗಬೇಕಾಯಿತು. ಪಕ್ಕದ ಗದ್ದೆಗೆ ಆ ಬೆಳಿಗ್ಗೆಯೇ ಔಷಧಿ ಹೊಡೆದಿದ್ದರು. ಗಾಳಿಯಲ್ಲಿ ವಾಸನೆ ಇತ್ತು. ಅಕ್ಕಪಕ್ಕದವರನ್ನು ಹಿಂದಿನ ದಿನವೇ ಕೇಳಿ ಖಚಿತಪಡಿಸಿಕೊಳ್ಳದೆ ಹೊರಟದ್ದು ಕ್ಷಮಿಸಲಾಗದ ಅಜಾಗರೂಕತೆ, ಆಮೇಲೆ ಅದನ್ನು ತಪ್ಪದ ನಿಯಮ ಮಾಡಿಕೊಂಡೆವು. ಅಂದು ಶಾಲೆಯ ಅಂಗಳದಲ್ಲೇ ಒಂದು ಹಿಡಿ ಮಣ್ಣನ್ನು ನೀರು ತುಂಬಿದ ಬಾಟಲಿಗೆ ಹಾಕಿ ಕುಲುಕಿ ಇಟ್ಟೆವು. ಕಾಲುವೆಯ ಮರಳು ನೋಡನೋಡುತ್ತಿದ್ದಂತೆ ತಳಕ್ಕೆ ಕೂತಿತು. ಗದ್ದೆಯ ಎರೆಮಣ್ಣಿನ ಬಾಟಲಿ ಸೋಮವಾರವೂ ಕದಡಿಯೇ ಇತ್ತು. ಮಳೆ ಬಂದರೆ ಈ ನೆಲದಲ್ಲಿ ನೀರು ಏಕೆ ಇಂಗುವುದಿಲ್ಲ ಎಂಬುದಕ್ಕೆ ಆಮೇಲೆ ನಾನು ಬೇರೆ ವಿವರಣೆ ಕೊಡಬೇಕಾಗಲಿಲ್ಲ.

ಜಂಟಿ ತರಗತಿ

ಆರನೇ ವಾರದಲ್ಲಿ ಮಾಡಿದ ಒಂದು ಪ್ರಯೋಗವೇ ಈ ಪ್ರಕರಣವನ್ನು ಬರೆದಿಡಲು ಮುಖ್ಯ ಕಾರಣ. ದೊಡ್ಡವರು ಸ್ಕೆಚ್ ಪೆನ್ ಹಿಡಿಯಲು ಹಿಂಜರಿಯುತ್ತಿದ್ದರು, ಮಕ್ಕಳು ಹಾಳೆ ತುಂಬ ಚಂದವಾಗಿ ಬರೆಯುತ್ತಿದ್ದರು. ಎರಡೂ ಗುಂಪನ್ನು ಕೂಡಿಸಿದರೆ ದೊಡ್ಡವರು ಎಣಿಸುತ್ತಾರೆ, ಮಕ್ಕಳು ಚಿತ್ರ ಬರೆಯುತ್ತಾರೆ, ಮನೆಗೆ ಹೋದ ಮೇಲೂ ಮಾತು ಮುಂದುವರಿಯುತ್ತದೆ ಎಂದು ಎಣಿಸಿದೆ. ಇನ್ನೊಂದು ಆಸೆಯೂ ಇತ್ತು. ಪಾಠಶಾಲೆಯಲ್ಲಿ ಕಲಿತದ್ದು ಕಲಿಯದ ನೆರೆಯವರಿಗೆ ಹರಡುವುದಿಲ್ಲ ಎಂಬ ದೂರು ಈ ಕ್ರಮದ ಮೇಲೆ ಹಳೆಯದು. ಇಂಡೊನೇಷ್ಯಾದ ಪಾಠಶಾಲೆಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನೇ ಹೇಳಿತ್ತು. ಮಕ್ಕಳ ಮೂಲಕವಾದರೂ ಮನೆಮನೆಗೆ ಹರಡೀತು ಎಂಬುದು ನನ್ನ ಲೆಕ್ಕ. ಶೌಚಾಲಯದಿಂದ ಪ್ಲಾಸ್ಟಿಕ್‌ವರೆಗೆ ಎಲ್ಲ ಅಭಿಯಾನಗಳೂ ಹಾಕುವ ಲೆಕ್ಕವೇ ಅದು.

ಹಾಳೆಯ ನಡುವೆ ಭತ್ತದ ಬುಡ, ಎಡಕ್ಕೆ ಬೆಳೆ ತಿನ್ನುವ ಹುಳುಗಳು, ಬಲಕ್ಕೆ ಅವನ್ನು ತಿನ್ನುವ ಹುಳುಗಳು, ಮೇಲೆ ಮೋಡ, ಕೆಳಗೆ ನೀರು. ಏಳನೇ ತರಗತಿಯ ಹುಡುಗನೊಬ್ಬ ತನ್ನ ಗುಂಪಿನ ಹಾಳೆ ಎತ್ತಿ ಹಿಡಿದು ಚೆನ್ನಾಗಿಯೇ ವಿವರಿಸಿದ. ಕೊನೆಗೆ, ಯಾರೂ ಹೇಳಿಕೊಡದಿದ್ದರೂ, ಎದುರು ಕೂತ ತನ್ನ ತಂದೆಯತ್ತ ತಿರುಗಿ, ‘ಎಣ್ಣಿ ಹೊಡಿಬಾರ್ದು ಅಂತ ಸರ್ ಹೇಳ್ಯಾರ. ನೀ ಯಾಕ ಹೊಡದಿ ಅಪ್ಪ?’ ಎಂದು ಕೇಳಿದ. ನಾಲ್ಕು ಜನ ನಕ್ಕರು. ತಂದೆ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ಕೂತರು. ಮುಂದಿನ ಗುರುವಾರ ಅವರು ಬರಲಿಲ್ಲ. ಶನಿವಾರ ಹುಡುಗನೂ ಬರಲಿಲ್ಲ.

ಹೊಡೆಯಬಾರದು ಎಂದು ನಾನು ಎಂದೂ ಹೇಳಿರಲಿಲ್ಲ. ಮೊದಲು ಎಣಿಸಿ, ಬುಡಕ್ಕೆ ಎಷ್ಟು ದೋಮ ಎಷ್ಟು ಜೇಡ ಎಂದು ನೋಡಿ, ಆಮೇಲೆ ತೀರ್ಮಾನಿಸಿ ಎಂದಿದ್ದೆ. ಆದರೆ ತೀರ್ಮಾನಿಸುವ ಹೊಣೆಯೂ ಹಕ್ಕೂ ಇಲ್ಲದ ಮಗುವಿನ ಬಾಯಲ್ಲಿ ಎಣಿಸಿ ನೋಡುವ ಪದ್ಧತಿ ಒಂದು ಆಜ್ಞೆಯಾಗಿ ಬದಲಾಗಿತ್ತು. ಅದು ಹುಡುಗನ ತಪ್ಪಲ್ಲ. ಸಾಲದ, ನೀರಿನ, ಸರದಿಯ ಲೆಕ್ಕಗಳು ಗೊತ್ತಿಲ್ಲದವರ ಕೈಗೆ ದೊಡ್ಡವರ ಪ್ರಶ್ನೆಯನ್ನು ಕೊಟ್ಟವನು ನಾನು.

ಹುಡುಗನ ಮನೆಗೆ ಹೋದದ್ದು ಎಂಟು ದಿನ ಕಳೆದ ಮೇಲೆ. ತಂದೆ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು, ತರಗತಿಯ ಮಾತೆತ್ತಲಿಲ್ಲ. ಕಾಲುವೆ ನೀರಿನ ಬಗ್ಗೆ ಕೇಳಿದೆ. ಒಂದು ತಾಸು ಮಾತಾಡಿದರು. ದೋಮ ಕಂಡರೆ ಗದ್ದೆಯ ನೀರು ಬಸಿದು ಬುಡ ಒಣಗಿಸಬೇಕೆಂದು ನಾನು ಮೂರನೇ ವಾರದ ಪಾಠದಲ್ಲಿ ಹೇಳಿದ್ದೆ. ಬಸಿದರೆ ಮತ್ತೆ ತುಂಬಲು ಕಾಲುವೆಯ ಕೊನೆಯಲ್ಲಿ ನೀರು ಎಂದು ಬರುತ್ತದೆಂಬ ಭರವಸೆ ಇಲ್ಲ. ಸರದಿ ತಪ್ಪಿದರೆ, ದಂಟಿನೊಳಗೆ ತೆನೆ ಮೂಡಿ ಹೊಡೆ ತುಂಬುವ ಹೊತ್ತಿಗೆ ಎರೆನೆಲ ಬಿರುಕು ಬಿಡುತ್ತದೆ. ಗೊಬ್ಬರವನ್ನು ಉದ್ರಿ ತರುವುದು ಅಂಗಡಿಯಿಂದ, ಲೆಕ್ಕ ಚುಕ್ತಾ ಆಗುವುದು ಕೊಯ್ಲಿನ ಮೇಲೆ, ಯಾವ ಎಣ್ಣೆ ಯಾವಾಗ ಎಂದು ಹೇಳುವುದೂ ಅದೇ ಅಂಗಡಿ. ಅಂಗಡಿಯವರ ಮಾತು ಕೇಳದೆ ಬೆಳೆ ಹೋದರೆ ಮುಂದಿನ ವರ್ಷ ಉದ್ರಿ ಕೇಳುವ ಮುಖವೆಲ್ಲಿ? ‘ಹುಳ ಸಾಯ್ಲಿ ಅಂತ ಅಷ್ಟ ಅಲ್ರಿ, ರಾತ್ರಿ ನಿದ್ದಿ ಬರ್ಲಿ ಅಂತ ಹೊಡೀತೀವಿ’ ಎಂದರು. ಮುಂದಿನ ಎರಡು ಗುರುವಾರ ಹುಳುವನ್ನು ಬದಿಗಿಟ್ಟು ಎಕರೆವಾರು ಖರ್ಚು, ಉದ್ರಿಯ ಬಡ್ಡಿ ಮತ್ತು ನೀರಿನ ಸರದಿಯನ್ನು ಹಾಳೆಯ ಮೇಲೆ ತಂದೆವು. ನಾಟಿಯಲ್ಲೇ ಎರಡು ಮೂರು ಮೀಟರಿಗೊಂದರಂತೆ ಒಂದಡಿಯ ದಾರಿ ಬಿಡುವುದು, ಯೂರಿಯಾವನ್ನು ಕಡಿಮೆ ಮಾಡಿ ಮೂರು ಕಂತಿನಲ್ಲಿ ಕೊಡುವುದು ಮುಂತಾದ, ನೀರಿನ ಹಂಗಿಲ್ಲದ ಉಪಾಯಗಳ ಮೇಲೆ ಹೆಚ್ಚು ಹೊತ್ತು ಕಳೆದೆವು. ಎರಡನೆಯ ಗುರುವಾರ ಹುಡುಗನ ತಂದೆ ಬಂದು ಹಿಂದಿನ ಸಾಲಿನಲ್ಲಿ ಕೂತರು.

ಜೇಡದ ಊಟ

ಮಕ್ಕಳಿಗೆ ತಮ್ಮದೇ ಪ್ರಶ್ನೆ ಬೇಕಿತ್ತು. ಅದನ್ನು ನಾನು ಹುಡುಕಿ ಕೊಡಬೇಕಾಗಲಿಲ್ಲ. ಮಣ್ಣಿನ ಕುಂಡದಲ್ಲಿ ಒಂದು ಬುಡ ನೆಟ್ಟು, ಸೊಳ್ಳೆಪರದೆಯ ತುಂಡು ಹೊದಿಸಿ, ಒಳಗೆ ಹತ್ತು ದೋಮ ಮತ್ತು ಒಂದು ತೋಳ ಜೇಡವನ್ನು ಬಿಟ್ಟು ಶಾಲೆಯ ಜಗುಲಿಯ ಮೇಲೆ ಇಟ್ಟಿದ್ದೆವು. ತೋಳ ಜೇಡ ಬಲೆ ನೇಯುವುದಿಲ್ಲ, ಬೇಟೆಯನ್ನು ಅಟ್ಟಿ ಹಿಡಿಯುತ್ತದೆ. ಮರುದಿನ ನೀರಿನ ಮೇಲೆ ರಸ ಹೀರಿದ ಒಣ ಸಿಪ್ಪೆಗಳು ತೇಲುತ್ತಿದ್ದವು, ಜೇಡ ದಂಟಿನ ಮೇಲೆ ಕಾಲು ಚಾಚಿ ಕೂತಿತ್ತು. ಶತ್ರು ಕೀಟ, ಮಿತ್ರ ಕೀಟ ಎಂಬ ನಮ್ಮ ಕರಪತ್ರದ ಮಾತನ್ನು ನಾನು ಮತ್ತೆ ಹೇಳಹೊರಟಾಗ ಆರನೇ ತರಗತಿಯ ಹುಡುಗಿ ತಡೆದಳು: ‘ಜೇಡಕ್ಕ ದೋಮ ಶತ್ರು ಅಲ್ರಿ ಸರ, ಊಟ.’ ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು: ‘ಮತ್ತ ದೋಮ ಬರೂಕಿಂತ ಮೊದಲ ಜೇಡ ಏನ್ ತಿಂತಿತ್ರಿ?’

ಈ ಪ್ರಶ್ನೆ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಜಾವಾದ ಗದ್ದೆಗಳಲ್ಲಿ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಬೆನ್ನಟ್ಟಿ, 1996ರಲ್ಲಿ ಉತ್ತರ ಪ್ರಕಟಿಸಿದ್ದರು: ನಾಟಿಯ ಮೊದಲ ವಾರಗಳಲ್ಲಿ ಕೊಳೆತ ಕಸ ಮತ್ತು ಪಾಚಿಯನ್ನು ತಿಂದು ಬದುಕುವ ಸಣ್ಣ ನುಸಿಗಳು ನೀರಿನ ಮೇಲೆ ಹೇರಳವಾಗಿರುತ್ತವೆ, ಬೆಳೆಗೆ ಅವುಗಳಿಂದ ತೊಂದರೆಯಿಲ್ಲ, ಬೆಳೆ ತಿನ್ನುವ ಹುಳು ಬರುವ ಮುಂಚೆಯೇ ಜೇಡಗಳು ಅವುಗಳನ್ನು ತಿಂದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ನಾಟಿಯಾದ ಮೂರು ನಾಲ್ಕು ವಾರದಲ್ಲಿ ‘ಇರಲಿ’ ಎಂದು ಹೊಡೆಯುವ ಮೊದಲ ಸಿಂಪಡಣೆ ಕೆಡಿಸುವುದು ಈ ಸಿದ್ಧತೆಯನ್ನೇ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳದೆ ತಡೆದುಕೊಂಡದ್ದು ಆ ಹಂಗಾಮಿನಲ್ಲಿ ನಾನು ಮಾಡಿದ ಅತ್ಯುತ್ತಮ ಬೋಧನೆ ಎಂದು ಈಗಲೂ ನಂಬಿದ್ದೇನೆ.

ಬೆಳೆ ಆಗಲೇ ಎದೆಮಟ್ಟಕ್ಕೆ ಬಂದಿದ್ದರಿಂದ ಮೊದಲ ವಾರಗಳನ್ನು ಮತ್ತೆ ನೋಡುವಂತಿರಲಿಲ್ಲ. ತಡವಾಗಿ ನಾಟಿಯಾದ ಗದ್ದೆಯೊಂದನ್ನು ಮಕ್ಕಳೇ ಪತ್ತೆಮಾಡಿದರು. ಸರದಿ ನೀರು ಕೊನೆಗೆ ಮುಟ್ಟಿದ ಗದ್ದೆ ಅದು, ಅದೇ ಹುಡುಗನ ತಂದೆಯ ಅಣ್ಣನದು. ಬಿಳಿ ತಟ್ಟೆಯಲ್ಲಿ ಸ್ವಲ್ಪ ಸೋಪಿನ ನೀರು ಹಾಕಿ ಸಾಲುಗಳ ನಡುವೆ ಇಟ್ಟು, ಒಂದು ತಾಸಿನ ಮೇಲೆ ಬಿದ್ದದ್ದನ್ನು ಎಣಿಸಿದರು. ತಟ್ಟೆ ತುಂಬ ಕಣ್ಣಿಗೆ ಕಂಡೂ ಕಾಣದಂತಹ ನುಸಿ. ದೋಮ ಒಂದೂ ಇಲ್ಲ, ಬುಡದಲ್ಲಿ ಜೇಡ ಮಾತ್ರ ಇದ್ದೇ ಇತ್ತು. ಮೂರು ಶನಿವಾರ ಹೀಗೆ ನಡೆಯಿತು. ಯಾರಿಗೂ ಏನನ್ನೂ ಹೇಳಬಾರದು, ಕೇಳಿದರೆ ತಟ್ಟೆ ತೋರಿಸಿ ಎಂಬುದಷ್ಟೇ ನಾನು ಮಕ್ಕಳಿಗೆ ಕೊಟ್ಟ ಸೂಚನೆ. ಮೂರನೆಯ ಶನಿವಾರ ಬದುವಿನ ಮೇಲೆ ಐದಾರು ಜನ ದೊಡ್ಡವರು ನಿಂತಿದ್ದರು. ಸೈಕಲ್ ನಿಲ್ಲಿಸಿ ಬಂದವರಲ್ಲಿ ಹುಡುಗನ ತಂದೆಯೂ ಇದ್ದರು. ತಟ್ಟೆ ನೋಡಿ, ‘ಇವಕ್ಕೂ ನಾವು ಹೊಡದೀವಲ್ಲ’ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಹೋದರು.

ಫಲಿತ

ಇಳುವರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಎಕರೆ ರೂಢಿಯಂತೆ, ಅರ್ಧ ಎಕರೆ ಎಣಿಸಿ ತೀರ್ಮಾನಿಸಿದಂತೆ ಬೆಳೆದಿದ್ದೆವು. ಚೀಲಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ, ಸಿಂಪಡಣೆಯ ಖರ್ಚು ಎರಡನೆಯದರಲ್ಲಿ ಕಡಿಮೆಯಿತ್ತು. ಒಂದು ಗದ್ದೆಯ ಒಂದು ಹಂಗಾಮಿನಿಂದ ಅದಕ್ಕಿಂತ ಹೆಚ್ಚಿನದನ್ನು ಸಾಧಿಸಿ ತೋರಿಸಲಾಗದು. ತರಗತಿಗೆ ಬಂದ ರೈತರಲ್ಲಿ ಹಲವರು ಎಂದಿನಂತೆಯೇ ಹೊಡೆದರು, ಕೆಲವರು ಮೊದಲ ಸಿಂಪಡಣೆಯನ್ನು ಬಿಟ್ಟರು. ಹುಡುಗನ ತಂದೆ ಹೊಡೆ ತುಂಬುವ ಹೊತ್ತಿಗೆ ಇಪ್ಪತ್ತು ಬುಡ ಎಣಿಸಿ, ದೋಮ ಮಿತಿಮೀರಿದೆಯೆಂದು ಕಂಡು, ನಳಿಕೆಯನ್ನು ಬುಡಕ್ಕೆ ಹಿಡಿದು ಒಮ್ಮೆ ಹೊಡೆದರು. ನನ್ನನ್ನು ಕೇಳಲಿಲ್ಲ, ನನಗೆ ಗೊತ್ತಾದದ್ದೇ ವಾರ ಕಳೆದ ಮೇಲೆ.

ಮೊಜಾಂಬಿಕ್‌ನಲ್ಲಿ 2003ರ ಸುಮಾರಿಗೆ ತಂದೆತಾಯಿ ಕಳೆದುಕೊಂಡ ಮಕ್ಕಳಿಗಾಗಿ ಕಿರಿಯರ ಕ್ಷೇತ್ರ ಪಾಠಶಾಲೆಗಳನ್ನು ಆರಂಭಿಸಿದಾಗ ಅವಕ್ಕೆ ತಮ್ಮದೇ ಗದ್ದೆ, ತಮ್ಮದೇ ಪಠ್ಯ ಇತ್ತು. ಅಲ್ಲಿ ಕಲಿಸಿಕೊಡಲು ಮನೆಯಲ್ಲಿ ಹಿರಿಯರೇ ಇಲ್ಲವೆಂಬುದು ಅದಕ್ಕೆ ಕಾರಣ. ನಮ್ಮಲ್ಲಿ ಹಿರಿಯರಿದ್ದಾರೆ, ಹಾಗಿದ್ದರೂ ಮಕ್ಕಳ ಪಠ್ಯ ಬೇರೆಯಾಗಿಯೇ ಇರಬೇಕೆಂದು ನಾನೀಗ ವಾದಿಸುತ್ತೇನೆ. ಜಂಟಿ ತರಗತಿಯನ್ನು ಮುಂದಿನ ಹಂಗಾಮಿನ ಯೋಜನೆಯಿಂದ ತೆಗೆದಿದ್ದೇವೆ. ಇಬ್ಬರೂ ಒಂದೇ ಬದುವಿನ ಮೇಲೆ ಭೇಟಿಯಾದರೆ ಅದು ಅವರಾಗಿಯೇ ಆಗಲಿ.

ಸರಿಪಡಿಸಲಾಗದೆ ಉಳಿದದ್ದು ಒಂದಿದೆ. ಕಳೆ ಕೀಳುವ ಹೆಂಗಸರಲ್ಲಿ ಒಬ್ಬರಾದರೂ ಗುರುವಾರದ ತರಗತಿಗೆ ಬಂದವರಲ್ಲ. ಬೆಳಗಿನ ಹೊತ್ತು ಅವರು ಗುತ್ತಿಗೆ ಕೆಲಸದಲ್ಲಿರುತ್ತಾರೆ. ಶಾಲೆಯ ಗೇಟಿನ ಬಳಿ ನನ್ನನ್ನು ನಿಲ್ಲಿಸಿದ್ದ ತಾಯಿ ಕೊಯ್ಲಿನ ಮುಂಚೆ ಮಾತಿನ ನಡುವೆ ಹೇಳಿದರು: ದೋಮ ಹೆಚ್ಚಿದ ಮಡಿ ಯಾವುದೆಂದು ಕಳೆ ಕೀಳುವಾಗಲೇ ಗೊತ್ತಾಗುತ್ತದೆ, ಬಗ್ಗಿ ಕೈ ಹಾಕಿದೊಡನೆ ತೋಳಿಗೆ, ಮೊಣಕಾಲಿಗೆ ಸಿಡಿಯುತ್ತವೆ. ಯಜಮಾನರಿಗೆ ಹೇಳುವುದಿಲ್ಲವೇ ಎಂದು ಕೇಳಿದೆ. ‘ಕೇಳಿದ್ರ ಹೇಳ್ತೀವ್ರಿ’ ಎಂದರು. ಸಂಜೆ ಏಳಕ್ಕೆ ಅಂಗನವಾಡಿಯಲ್ಲಿ ಅವರಿಗಾಗಿ ಎರಡು ತರಗತಿ ನಡೆಸುವಷ್ಟರಲ್ಲಿ ಕೊಯ್ಲಿನ ಮಷಿನ್ ಊರಿಗೆ ಬಂದಿತ್ತು.